ಗಾಳಿಯಕ್ಕನ ಕೊನೆಯ ಪರೀಕ್ಷೆ

ಸಮುದ್ರದಡಿ ಮುಳುಗಿ ಈಜುವುದನ್ನು ಕಲಿಸುವ ಶಾಲೆಯಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದ ಆಕೆಯನ್ನು ಎಲ್ಲರೂ ಗಾಳಿಯಕ್ಕ ಎನ್ನುತ್ತಿದ್ದರು. ತಲೆ ನರೆಯುವವರೆಗೂ ಕಂಡಕಂಡವರನ್ನೆಲ್ಲ ನೀರಿಗಿಳಿಸಿ ತಾನು ದಡದಲ್ಲೇ ಉಳಿದವಳಿಗೆ ಈಗ ಸಮುದ್ರದ ತಳ ನೋಡುವ ಆಸೆ ಹುಟ್ಟಿತ್ತು. ಅದಕ್ಕೆ ಮೊದಲ ಹಂತ ಪಾಸಾದವರಿಗೆ ಕೊಡುವ ಕಾರ್ಡು ಬೇಕು. ಕಾರ್ಡು ಕೊಡುವ ಮೇಷ್ಟ್ರು ಸ್ವಂತ ತಮ್ಮನೇ.

ಒಂದು ಪರೀಕ್ಷೆ ಬಾಕಿಯಿತ್ತು. ಶಾಲೆಯ ಈಜುಕೊಳದ ತಳದಲ್ಲಿ, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ತೆಗೆದು, ಮತ್ತೆ ಹಾಕಿಕೊಂಡು, ಒಳಗೆ ತುಂಬಿದ ನೀರನ್ನು ಮೂಗಿನಿಂದ ಊದಿ ಹೊರಹಾಕಬೇಕು. ಗಾಳಿಯಕ್ಕ ಪ್ರತಿ ಸಲವೂ ಮೂಗು ಹಿಡಿದುಕೊಂಡು ಮೇಲೆದ್ದುಬಿಡುತ್ತಿದ್ದಳು.

“ಇದೊಂದು ಬಿಟ್ಬಿಡೋ. ನಾಳೆ ದೋಣಿ ಹೊರಡುತ್ತೆ.”

“ಆಗಲ್ಲಕ್ಕ. ಅಲ್ಲಿ ಮಾಸ್ಕ್ ಜಾರಿದ್ರೆ ಏನ್ಮಾಡ್ತೀಯ? ಇದು ಬರದೆ ಯಾರಿಗೂ ಕಾರ್ಡಿಲ್ಲ.”

“ನಿನ್ನ ಸಿಂಬಳ ಒರೆಸಿದವಳಿಗೇ ರೂಲ್ಸ್ ಹೇಳ್ತೀಯೇನೋ!”

ಕೊಳದಂಚಿನಲ್ಲಿದ್ದ ಶಿಷ್ಯರು ಗೊಳ್ಳೆಂದು ನಕ್ಕರು. ತಮ್ಮನ ಕಿವಿ ಕೆಂಪಾಯಿತು. “ಇನ್ನೊಂದ್ಸಲ ಇಳಿ, ಬಾ” ಎಂದ.

ಕೆಳಗೆ ಮಾಸ್ಕ್ ತೆಗೆದು ಹಾಕಿಕೊಂಡೊಡನೆ ಮತ್ತೆ ಅವಳ ಕೈ ಮೂಗಿನತ್ತ ಹೋಯಿತು. ತಮ್ಮ ಆ ಕೈ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ, ಇಲ್ಲದ ಕರವಸ್ತ್ರವೊಂದನ್ನು ಅವಳ ಮೂಗಿಗೆ ಒಡ್ಡಿ ತಲೆಯಾಡಿಸಿದ. ಚಿಕ್ಕಂದಿನಲ್ಲಿ ಅವನಿಗೆ ಶೀತವಾದಾಗ ಅವಳು ಹಾಗೆಯೇ ಮಾಡುತ್ತಿದ್ದಳು: ಊದು, ಜೋರಾಗಿ ಊದು!

ಗಾಳಿಯಕ್ಕನಿಗೆ ನಗು ತಡೆಯಲಿಲ್ಲ. ತಲೆಯೆತ್ತಿ, ಮಾಸ್ಕಿನ ಮೇಲಂಚು ಒತ್ತಿ, ಮೂಗಿನಿಂದ ಊದಿಯೇಬಿಟ್ಟಳು. ನೀರೆಲ್ಲ ಖಾಲಿಯಾಗಿ, ಎದುರಿಗೆ ನಗುತ್ತಿದ್ದ ತಮ್ಮನ ಕಣ್ಣುಗಳು ನಿಚ್ಚಳವಾಗಿ ಕಂಡವು.

ಮರುದಿನ ಅವಳ ಸಿಲಿಂಡರಿಗೆ ಗಾಳಿ ತುಂಬಿದವನು ಅವನೇ. ಅವಳು ಪಕ್ಕದಲ್ಲೇ ನಿಂತು, ಸರಿಯಾಗಿ ತುಂಬಿದನೋ ಇಲ್ಲವೋ ಎಂದು ಒತ್ತಡ ತೋರಿಸುವ ಮಾಪಕದ ಮುಳ್ಳು ನೋಡಿದಳು.