ಒಳಕೋಣೆಯಲ್ಲಿ ಸಿಕ್ಕಿಕೊಂಡ ಚಿಕ್ಕವ್ವನ ಫೋಟೊ

“ಸರ್ಟಿಫಿಕೇಟ್ ಇವತ್ತು ಆಗಂಗಿಲ್ರಿ, ಮುಂದಿನ ವಾರ ಬರ್ರಿ,” ಎಂದವರು ಹರಿಹರದ ಹೊಲಿಗೆ ತರಬೇತಿ ಕೇಂದ್ರದ ಮೇಡಂ. ನನ್ನ ಚಿಕ್ಕವ್ವ ಕೂತಲ್ಲಿಂದ ಏಳಲಿಲ್ಲ. ಮರುದಿನ ದಾವಣಗೆರೆಯ ಗಾರ್ಮೆಂಟ್ಸ್‌ನಲ್ಲಿ ಸರ್ಟಿಫಿಕೇಟ್ ತೋರಿಸಿದರಷ್ಟೇ ಅವಳಿಗೆ ಕೆಲಸ.

ಆ ಕೇಂದ್ರದಲ್ಲಿ ಪ್ರತಿಯೊಬ್ಬರೂ ತಾವೇ ಹೊಲಿದ ರವಿಕೆ ತೊಟ್ಟು ಫೋಟೊ ತೆಗೆಸಬೇಕು. ಸರ್ಟಿಫಿಕೇಟಿನ ಮೇಲೆ ಅದೇ ಅಚ್ಚಾಗುತ್ತದೆ. ಫೋಟೊಗಳಿದ್ದದ್ದು ಒಳಕೋಣೆಯ ಕಂಪ್ಯೂಟರಿನಲ್ಲಿ, ಪ್ರಿಂಟರ್ ಜೋಡಿಸಿದ್ದು ಹೊರಗಿನ ಕಂಪ್ಯೂಟರಿಗೆ. “ಅದೇನೋ ಅಪ್‌ಡೇಟ್ ಆದಾಗಿಂದ ಒಂದು ಫೋಟೊ ಈ ಕಡೆ ಬರಾಕೆ ಅರ್ಧ ದಿನ ಬೇಕು,” ಎಂದರು ಮೇಡಂ.

“ನಮ್ಮ ಹುಡುಗ ಕಂಪ್ಯೂಟರ್ ಡಿಗ್ರಿ ಓದ್ಯಾನ್ರಿ. ಸುಮ್ನೆ ಕುಂತಾನೆ, ಕೆಲ್ಸ ಹಚ್ರಿ,” ಎಂದಳು ಚಿಕ್ಕವ್ವ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಪ್ಪ ಅವ್ವ ಕೂಲಿಗೆ ಹೋದಾಗ ನನ್ನನ್ನು ನೋಡಿಕೊಳ್ಳಲೆಂದು ಶಾಲೆ ಬಿಟ್ಟವಳು ಈ ಚಿಕ್ಕವ್ವ. ಎದ್ದು ಹೋಗಿ ಮೌಸ್ ಹಿಡಿದೆ. ನೋಡಿದರೆ, ಅಪ್‌ಡೇಟ್ ಆದ ಮೇಲೆ ಹೊರಗಿನ ಕಂಪ್ಯೂಟರ್ ಒಳಕೋಣೆಯಿಂದ ಎಳೆದಿದ್ದ ಕೇಬಲ್ ಬಿಟ್ಟು ಕುಂಟುವ ವೈಫೈ ಹಿಡಿದಿತ್ತು. ವೈಫೈ ಆಫ್ ಮಾಡಿ ಕೇಬಲಿನ ಸಂಪರ್ಕವನ್ನು ಮತ್ತೆ ಚಾಲೂ ಮಾಡಿದೆ. ನೋಡನೋಡುತ್ತಲೇ ಫೋಟೊ ಬಂತು.

ಮೇಡಂ ಕೊಟ್ಟ ಸರ್ಟಿಫಿಕೇಟನ್ನು ಮಡಿಚಿ ಚೀಲದಲ್ಲಿಡಲು ಕೈಚಾಚಿದೆ. ಚಿಕ್ಕವ್ವ ಅದನ್ನು ಎದೆಗೊತ್ತಿಕೊಂಡಳು.

“ಬ್ಯಾಡಪ್ಪ, ಹಿಂಗೇ ಹಿಡ್ಕಂಡು ಬರ್ತೀನಿ. ಆಗ ನಿನ್ನ ಎತ್ಕಂಡು ಬಾಗ್ಲಾಗ ನಿಂತಿರ್ತಿದ್ದೆ. ಶಾಲಿಗೆ ಹೋಗೋ ಹುಡ್ಗೀರು ಸ್ಲೇಟು ಹಿಂಗೇ ಹಿಡ್ಕಂಡು ಹೋಗೋರು.”