ಬಿಟ್ಟವನ ಕೈಗೇ ಪೀಪಾಯಿ

ಇಂದ್ರಮ್ಮನಿಗೆ ಬಿಯರ್ ಎಂದರೆ ಏನೆಂದೇ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬೇಡಿ. ಹದಿನಾಲ್ಕು ವರ್ಷ ಕುಡುಕನ ಜೊತೆ ಸಂಸಾರ ಮಾಡಿದವಳು ಅವಳು. ಗಂಡ ಎಷ್ಟು ಏರಿಸಿದ್ದಾನೆ ಎಂಬುದನ್ನು ಅಂಗಳಕ್ಕೆ ಬರುವ ಕಾಲಿನ ಸದ್ದಿನಲ್ಲೇ ಹೇಳಬಲ್ಲವಳು. ಆದರೆ ಅದಕ್ಕೂ ಒಂದು ಹಬ್ಬ ಮಾಡುತ್ತಾರೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಹಬ್ಬ ನಡೆದದ್ದು ಕೆ. ಹೊಸಕೋಟೆಯ ಆಚೆಗಿನ ಎಸ್ಟೇಟಿನಲ್ಲಿ, ಅವಳೂ ಗಂಡ ಧರ್ಮನೂ ದುಡಿಯುವ ತೋಟದಲ್ಲೇ. ಕಾಫಿ ಒಣಗಿಸುವ ಕಣ ಮಾರ್ಚಿ ತಿಂಗಳಲ್ಲಿ ಖಾಲಿ ಬಿದ್ದಿತ್ತು. ಅಲ್ಲಿ ಶಾಮಿಯಾನ ಎದ್ದವು, ಸ್ಪೀಕರ್ ಬಂದವು, ಕಾರುಗಳು ಗೇಟಿನಾಚೆಗೂ ಸಾಲುಗಟ್ಟಿದವು. ಕಾಫಿ ಹಾಕಿದ ಬಿಯರ್, ಬೆಲ್ಲದ ಬಿಯರ್, ಕಿತ್ತಳೆ ಸಿಪ್ಪೆಯ ಬಿಯರ್. ತಯಾರಿಸಿದವರು ಅವುಗಳ ಪಕ್ಕದಲ್ಲಿ ನಿಂತು, ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಹೊಗಳುವಂತೆ ಹೊಗಳುತ್ತಿದ್ದರು.

ಪೀಪಾಯಿ ಹೊರಲು ಯಾರನ್ನು ಹಾಕುವುದು ಎಂಬ ಮಾತು ಬಂದಾಗ ತೋಟದ ಲೆಕ್ಕ ಬರೆಯುವ ರೈಟರ್ ದಯಾನಂದನ ಕಣ್ಣು ಬಿದ್ದದ್ದು ನೇರ ಧರ್ಮನ ಮೇಲೆ. “ಕುಡಿಯೋರ್ನ ಹಾಕಿದ್ರೆ ಸಂಜೆಗೆ ಪೀಪಾಯಿನೂ ಇರಲ್ಲ, ಆಳೂ ಇರಲ್ಲ. ಧರ್ಮ ಬುಟ್ಟವ್ನೆ, ಅವ್ನೇ ಸರಿ” ಎಂದ. ಬುದ್ಧಿವಂತನೇ, ಅನುಮಾನವಿಲ್ಲ. ಪೀಪಾಯಿ ಉಳಿದರೆ ಸಾಕು, ಹೊರುವವನು ಏನಾದರೇನು?

ಆಲೂರಿನ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಕೂತು ಬಂದ ಧರ್ಮ ಮೂರು ವರ್ಷದಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ. ಆ ಮೂರು ವರ್ಷವೂ ಸಂಜೆ ಅವನು ಹೊಸಿಲು ದಾಟುವಾಗ ಇಂದ್ರಮ್ಮ ಏನೋ ಕೇಳುವ ನೆಪದಲ್ಲಿ ಹತ್ತಿರ ಹೋಗಿ ಬಾಯಿಯ ವಾಸನೆ ನೋಡುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು. ನಿಂತು, ಬಾಯ್ತುಂಬ ಉತ್ತರ ಕೊಟ್ಟು ಒಳಗೆ ಹೋಗುತ್ತಿದ್ದ.

ಬೇಡವೆಂದರೆ ರೈಟರ್ ಕೇಳುವ ಪೈಕಿಯಲ್ಲ. ಅದಕ್ಕೇ ಅವಳು ತಾನಾಗಿ ಹೋಗಿ, “ಲೋಟ ತೊಳೆಯಕ್ಕೆ ನಾನೂ ಬತ್ತೀನಿ ರೈಟ್ರೇ” ಎಂದಳು. ಕಣ್ಣಳತೆಯಲ್ಲಿದ್ದರೆ ಗಂಡನನ್ನು ಕಾಯಬಹುದು ಎಂದು ಅವಳ ಆಸೆ.

ಹತ್ತು ಗಂಟೆಗೆ ಶುರುವಾದ ಲೋಟಗಳು ಮುಗಿಯಲೇ ಇಲ್ಲ. ಒಂದು ತೊಳೆದರೆ ನಾಲ್ಕು ಬರುತ್ತಿದ್ದವು, ಎಲ್ಲಾ ಗಾಜಿನವು. ರುಚಿ ನೋಡಲು ಬಂದ ಜನ ತಳದಲ್ಲಿ ಎರಡು ಬೆರಳಷ್ಟು ಬಿಟ್ಟೇ ಬಿಡುತ್ತಿದ್ದರು. ಚೆಲ್ಲು, ಉಜ್ಜು, ಕವುಚು. ಮಧ್ಯಾಹ್ನದ ಹೊತ್ತಿಗೆ ಅವಳ ಮೊಣಕೈವರೆಗೂ ಬಿಯರ್, ಸೀರೆಯ ನೆರಿಗೆಯಲ್ಲೂ ಬಿಯರ್. ಸೊಂಟ ಬಿದ್ದುಹೋಗಿತ್ತು. ಪಕ್ಕದಲ್ಲಿ ಕೂತು ತೊಳೆಯುತ್ತಿದ್ದ ಚೆಲುವಮ್ಮ, “ಲೋಟ ನೋಡ್ಕಂಡು ತೊಳಿಯೇ. ಗಂಡುನ್ನ ನೋಡ್ತಾ ಕೈ ಕುಯ್ಕಂಡಿಯ” ಎಂದು ರೇಗಿಸಿದಳು. ಇಂದ್ರಮ್ಮನಿಗೆ ನಗಲೂ ತ್ರಾಣವಿರಲಿಲ್ಲ.

ಮೂರು ಗಂಟೆಗೆ ಅವಳು ತಲೆ ಎತ್ತಿದಾಗ ಧರ್ಮ ಪೀಪಾಯಿಗಳ ಹತ್ತಿರ ಇರಲಿಲ್ಲ. ಎದ್ದು ನೋಡಿದಳು, ಜನರ ನಡುವೆ ಏನೂ ಕಾಣಲಿಲ್ಲ. ಹೋಗಿ ಹುಡುಕೋಣವೆಂದರೆ ಇನ್ನೊಂದು ಬುಟ್ಟಿ ಲೋಟ ತಂದು ಮುಂದಿಟ್ಟರು. ಅರ್ಧ ಗಂಟೆಯಾದ ಮೇಲೆ ಅವನು ಬಂದ. ಕಣ್ಣು ಕೆಂಪಗಿತ್ತು, ತಲೆಯಿಂದ ನೀರು ಇಳಿಯುತ್ತಿತ್ತು.

“ಎಲ್ಲೋಗಿದ್ದೆ?”

“ಪಲ್ಪರ್ ಮನೆ ತಾವ. ಸೆಕೆ” ಎಂದು ಕಾಫಿ ಹಣ್ಣು ಸುಲಿಯುವ ಷೆಡ್ಡಿನತ್ತ ಕೈ ತೋರಿಸಿ, ಮುಖ ತಿರುಗಿಸಿ ಹೋದ.

ಹಿಂದೆ ಕುಡಿಯುತ್ತಿದ್ದಾಗಲೂ ಅವನು ಹೀಗೇ ತಲೆಗೆ ನೀರು ಸುರಿದುಕೊಂಡು ಮನೆಗೆ ಬರುತ್ತಿದ್ದ. ಆಮೇಲೆ ಲೋಟಗಳನ್ನು ಹೇಗೆ ತೊಳೆದಳೋ ಇಂದ್ರಮ್ಮನಿಗೇ ತಿಳಿಯದು.

ಹೊತ್ತು ಮುಳುಗುವಾಗ ಇಬ್ಬರೂ ಕೂಲಿಯವರ ಲೈನ್ ಮನೆಯ ದಾರಿ ಹಿಡಿದರು. ಅವನ ನಡಿಗೆ ನೋಡೋಣವೆಂದು ಅವಳು ಬೇಕೆಂದೇ ಹಿಂದೆ ಉಳಿದಳು. ಅವನು ವಾಲುತ್ತಿದ್ದುದು ನಿಜ. ಆದರೆ ದಿನವೆಲ್ಲ ಪೀಪಾಯಿ ಹೊತ್ತವನು ವಾಲದೆ ಏನು ಮಾಡುತ್ತಾನೆ? ಸುಸ್ತಿಗೆ ಅವಳೂ ವಾಲುತ್ತಿದ್ದಳು.

ಹೊಸಿಲ ಹತ್ತಿರ ಅವಳು ಎಂದಿನಂತೆ ಸಮೀಪ ಹೋಗಿ, “ಈಗ್ಲೇ ಉಣ್ತೀಯಾ?” ಎಂದಳು. ಅವನು ಬಾಯಿ ತೆರೆಯುವ ಮೊದಲೇ ಗಪ್ಪೆಂದು ಬಿಯರ್ ವಾಸನೆ ಬಡಿಯಿತು. ಅವನದೋ ತನ್ನದೋ ಗೊತ್ತಾಗಲಿಲ್ಲ. ಮೂಗಿನ ತುಂಬ ಅದೇ ಇತ್ತು. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಕುಡ್ದಿದ್ರೆ ಹೇಳ್ಬುಡು. ಕಾದು ಕಾದು ನಂಗೆ ಸಾಕಾಗೈತೆ.”

ಧರ್ಮ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆನಿಕೊಂಡ.

“ಕುಡ್ದಿಲ್ಲ ಕಣೇ. ಹೊತ್ತಾರೆಯಿಂದ ತಡ್ಕಂಡಿವ್ನಿ. ಮಧ್ಯಾನ ತಡಿಯಕ್ಕೆ ಆಗ್ಲೇ ಇಲ್ಲ, ಹೋಗಿ ನಲ್ಲಿ ಕೆಳಗೆ ತಲೆ ಇಟ್ಕಂಡು ಅತ್ಬುಟ್ಟೆ. ಈಗ ನಿನ್ ಮೈಯಿಂದ್ಲೂ ಅದೇ ಬತ್ತಾ ಐತೆ. ಕೈ ಮುಗೀತೀನಿ, ಸ್ವಲ್ಪ ದೂರ ನಿಂತ್ಕ.”

ಇಂದ್ರಮ್ಮ ಅಂಗಳಕ್ಕೆ ಇಳಿದಳು. ಅವನು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಶಿಬಿರದಿಂದ ಬಂದ ದಿನವೇ ಆ ಚಪಲ ಅವನನ್ನು ಬಿಟ್ಟುಹೋಯಿತು ಎಂದೇ ಅವಳು ಇಷ್ಟು ದಿನ ನಂಬಿದ್ದಳು.

“ಇವತ್ತು ಈ ಹಾಳು ಹಬ್ಬದಿಂದ ಹಿಂಗಾಯ್ತು. ದಿನಾ ಇರಲ್ವಲ್ಲ?” ಎಂದು ಮೆಲ್ಲಗೆ ಕೇಳಿದಳು.

“ದಿನಾ” ಎಂದ ಧರ್ಮ.

ಮೂರು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಹೋಗಿ ಅವನ ತಲೆ ಸವರಬೇಕು ಎನಿಸಿತು. ಹೋಗುವಂತಿರಲಿಲ್ಲ. ಅವನು ಬಾಗಿಲಲ್ಲಿ, ಅವಳು ಅಂಗಳದಲ್ಲಿ, ಹಾಗೇ ನಿಂತಿದ್ದರು.