ನಾಲ್ಕು ಮಿಲಿಮೀಟರ್ ಖಾಲಿ ಜಾಗ

ಲೇತ್ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಅಂತ ಕಾಲೇಜಿನವರೆಲ್ಲ ಹೇಳುತ್ತಾರೆ. ಆ ಕೋಪ ಯಾಕೆ ಅಂತ ಒಬ್ಬರಾದರೂ ಕೇಳಿದ್ದರೆ ತಾನೇ. ಕಾಲೇಜಿನ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷದಿಂದ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವಳು ಅವಳು. ಕೆಲಸ ಕಲಿಸಿದ್ದು ಅಪ್ಪ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ತುಂಡನ್ನು ಮೂಲೆಗೆಸೆದು, ಹೊಸದು ತಗೋ ಅನ್ನುತ್ತಿದ್ದ ಮನುಷ್ಯ. ಗಂಡ ಬಸ್ ಡ್ರೈವರ್, ಸಮಾಧಾನದ ಪ್ರಾಣಿ. ಸಂಜೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಕೇಳಿದರೆ ಸಾಕು, "ಇವತ್ತು ಯಾರು ತಪ್ಪು ಅಳತೆ ತಂದಿದ್ರು?" ಎಂದು ಕೇಳಿ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾನೆ.

ಹೋದ ವರ್ಷ ಕೊನೆಯ ತರಗತಿಯ ನಾಲ್ಕು ಹುಡುಗಿಯರು ಒಂದು ಚೌಕದ ಡಬ್ಬಿ ಹೊತ್ತುಕೊಂಡು ಅವಳ ಹತ್ತಿರ ಬಂದರು. ರೋಬೋಟ್ ಫುಟ್‌ಬಾಲ್ ಸ್ಪರ್ಧೆಗೆ ಅವರು ಮಾಡಿದ್ದ ಯಂತ್ರ ಅದು. ಚೆಂಡಿನ ಹಿಂದೆ ಓಡುತ್ತಿತ್ತು, ಗೋಡೆಯ ಪಕ್ಕ ತಿರುಗಲು ಹೋದರೆ ಮೂಲೆ ತಗುಲಿ ನಿಂತುಬಿಡುತ್ತಿತ್ತು.

"ಮೂಲೆ ಇದ್ರೆ ಸಿಕ್ಕಿಹಾಕ್ಕೊಳ್ಳುತ್ತೆ ಕಣ್ರೇ," ಎಂದಳು ಅಕ್ಕ. "ದುಂಡಗೆ ಮಾಡಿ. ನಿಂತ ಜಾಗದಲ್ಲೇ ಸುತ್ತಲಿ."

ಹೇಳುವುದು ಸುಲಭ. ಅಲ್ಯೂಮಿನಿಯಂ ಹಾಳೆಯನ್ನು ದುಂಡಗೆ ಕಡೆಯುವಾಗ ಎರಡು ಸಲ ಅಂಚು ಸೊಟ್ಟಗಾಯಿತು. ಮೂರು ಚಕ್ರಗಳನ್ನು ಸಮ ದೂರದಲ್ಲಿ ಕೂರಿಸಲು ನಾಲ್ಕು ಸಲ ತೂತು ಬದಲಾಯಿಸಿದರು. ಹುಡುಗಿಯರು ನಕ್ಷೆ ಬರೆಯುವರು, ಅಕ್ಕ ಅದರ ಮೇಲೆ ಕೆಂಪು ಪೆನ್ಸಿಲ್ ಆಡಿಸುವಳು, ಕನ್ನಡಕದ ಹುಡುಗಿ ಮುಖ ಊದಿಸಿಕೊಂಡು ಮತ್ತೆ ಬರೆಯುವಳು. ಆ ಹುಡುಗಿಯೇ ತಂಡದ ನಾಯಕಿ. ಹೀಗೇ ಏಳು ತಿಂಗಳು ಹೋಯಿತು.

ಸ್ಪರ್ಧೆಯ ನಿಯಮ ಇಷ್ಟೇ: ಇನ್ನೂರ ಇಪ್ಪತ್ತು ಮಿಲಿಮೀಟರ್ ಅಗಲದ ಒಂದು ಕೊಳವೆಯಿದೆ, ರೋಬೋಟ್ ಅದರೊಳಗೆ ತನ್ನ ಭಾರದಿಂದಲೇ ಇಳಿಯಬೇಕು. ಪ್ರತಿ ಆಟಕ್ಕೂ ಮುಂಚೆ ಈ ಪರೀಕ್ಷೆ. ಎರಡು ಸಲ ಸಿಕ್ಕಿಕೊಂಡರೆ ಮನೆಗೆ. ಅಕ್ಕ ಚೌಕಟ್ಟನ್ನು ಇನ್ನೂರ ಹದಿನಾರಕ್ಕೆ ಕಡೆದಿದ್ದಳು. ಆಟದಲ್ಲಿ ಯಂತ್ರಗಳು ಗುದ್ದಾಡುತ್ತವೆ, ಅಂಚು ಉಬ್ಬುತ್ತದೆ. ಆ ನಾಲ್ಕು ಮಿಲಿಮೀಟರ್ ಉಬ್ಬಿಗೆ ಬಿಟ್ಟ ಜಾಗ.

ವಿಭಾಗದ ಮುಖ್ಯಸ್ಥರ ಕಣ್ಣಿಗೆ ಅದು ಖಾಲಿ ಸೈಟಿನ ಹಾಗೆ ಕಂಡಿತು. ಫೋಟೋ ತೆಗೆಸಬೇಕೆಂದು ಸ್ಪರ್ಧೆಯ ಹಿಂದಿನ ದಿನ ರೋಬೋಟನ್ನು ತಮ್ಮ ಕೋಣೆಗೆ ತರಿಸಿಕೊಂಡರು. ಹೊರಗಿನಿಂದ ಯಾರನ್ನೋ ಕರೆಸಿ, ಅಂಚಿಗೆ ತೂತು ಕೊರೆಸಿ, ಬಾಗಿದ ಹಿತ್ತಾಳೆ ಪಟ್ಟಿಯೊಂದನ್ನು ಜಡಿಸಿದರು. ಅದರ ಮೇಲೆ ಕಾಲೇಜಿನ ಹೆಸರು ಚಿಕ್ಕದಾಗಿ, ಅವರ ಹೆಸರು ದೊಡ್ಡದಾಗಿ. ಹುಡುಗಿಯರ ಹೆಸರಿಗೆ ಜಾಗ ಸಾಲಲಿಲ್ಲವಂತೆ.

ಸ್ಪರ್ಧೆಯ ಸಭಾಂಗಣದಲ್ಲಿ ಪೆಟ್ಟಿಗೆ ಬಿಚ್ಚಿದಾಗಲೇ ಅಕ್ಕ ಅದನ್ನು ನೋಡಿದ್ದು. ಮೈಯೆಲ್ಲ ಉರಿದುಹೋಯಿತು.

"ಸಾರ್, ಇದು ಇಳಿಯಲ್ಲ."

"ಲೆಕ್ಕ ನನಗೆ ಬಿಡಮ್ಮ. ನಾಲ್ಕು ಮಿಲಿಮೀಟರ್ ಜಾಗ ಇತ್ತು. ಪಟ್ಟಿ ಬರೀ ಮೂರು."

"ಸ್ಕ್ರೂ ತಲೆ?"

ಅವರು ನಕ್ಕು, ಪಕ್ಕದ ಕಾಲೇಜಿನವರ ಕೈ ಕುಲುಕಲು ಹೋದರು. ಆಗಲೇ ಆ ಪಟ್ಟಿಯನ್ನು ಕಿತ್ತುಹಾಕಬೇಕಿತ್ತು. ಅಕ್ಕ ಹಲ್ಲು ಕಚ್ಚಿ ಸುಮ್ಮನಾದಳು. ಹಾಗೆ ಸುಮ್ಮನಾದದ್ದಕ್ಕೆ ಅವಳಿಗೆ ಇವತ್ತಿಗೂ ತನ್ನ ಮೇಲೇ ಸಿಟ್ಟು.

ರೋಬೋಟ್ ಕೊಳವೆಯ ಬಾಯಲ್ಲೇ ನಿಂತುಬಿಟ್ಟಿತು. ಸ್ಕ್ರೂ ತಲೆ ಎರಡು ಮಿಲಿಮೀಟರ್ ದಪ್ಪ. ಒಟ್ಟು ಇನ್ನೂರ ಇಪ್ಪತ್ತೊಂದು. ಜನ್ಮದಲ್ಲಿ ಒಂದು ಸ್ಕ್ರೂ ತಿರುಗಿಸದವರು ಮಾತ್ರ ಮಾಡಬಲ್ಲ ತಪ್ಪು ಅದು, ಮಾಡಿಯೂ ಮಾಡಿದರು. ಕನ್ನಡಕದ ಹುಡುಗಿ ರೋಬೋಟನ್ನು ಕೊಳವೆಯ ಬಾಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಹುಡುಗಿಯರಿಗೆ ಇದೇ ಕೊನೆಯ ಸ್ಪರ್ಧೆ, ಮುಂದಿನ ವರ್ಷ ಅವರು ವಿದ್ಯಾರ್ಥಿಗಳೇ ಅಲ್ಲ.

ಸ್ಪರ್ಧೆಯ ಪರವಾಗಿ ಅಳತೆ ನೋಡುತ್ತಿದ್ದ ಮೇಷ್ಟ್ರು ಒಂದು ಹಾಳೆ ಮುಂದಿಟ್ಟರು. ಸಿಕ್ಕಿಕೊಂಡದ್ದಕ್ಕೆ ಕಾರಣ ಬರೆದು, ಚೌಕಟ್ಟು ಮಾಡಿದವರು ಮತ್ತು ವಿಭಾಗದ ಮುಖ್ಯಸ್ಥರು ಇಬ್ಬರೂ ಸಹಿ ಹಾಕಿದರೆ ಮಾತ್ರ ಎರಡನೇ ಅವಕಾಶ. ಸಮಯ ಹತ್ತು ನಿಮಿಷ. ಮುಖ್ಯಸ್ಥ ಸಾಹೇಬರು ತಕ್ಷಣ ಪೆನ್ನು ತೆಗೆದು ಬರೆದು, ಅಕ್ಕನ ಕಡೆ ತಳ್ಳಿದರು. 'ಚೌಕಟ್ಟನ್ನು ಕಡೆಯುವಲ್ಲಿ ವರ್ಕ್‌ಶಾಪಿನ ದೋಷ' ಎಂದಿತ್ತು.

"ಸಹಿ ಹಾಕಿ, ಆ ಕಡೆ ಅಂಚನ್ನ ಸ್ವಲ್ಪ ಅರದಿಂದ ಉಜ್ಜಿಬಿಡಮ್ಮ. ಒಂದು ಮಿಲಿಮೀಟರ್ ತಾನೇ."

ಏಳು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ದುಂಡಗೆ ಮಾಡಿದ್ದನ್ನು ಸೊಟ್ಟ ಮಾಡಬೇಕಂತೆ, ಸಾಹೇಬರ ಹೆಸರು ಉಳಿಯಲಿಕ್ಕೆ. ಸಾಲದ್ದಕ್ಕೆ ಗೂಬೆಯನ್ನೂ ಅವಳ ತಲೆಯ ಮೇಲೇ ಕೂರಿಸಬೇಕಂತೆ. ಅಕ್ಕ ಚೀಲದಿಂದ ಅಳತೆ ಹಿಡಿಯುವ ವರ್ನಿಯರ್ ತೆಗೆದಳು. ಪಟ್ಟಿಯಿಲ್ಲದ ಕಡೆ ಅಡ್ಡಲಾಗಿ ಹಿಡಿದು ಮೇಷ್ಟ್ರಿಗೆ ತೋರಿಸಿದಳು: ಇನ್ನೂರ ಹದಿನಾರು. ತಿರುಗಿಸಿ ಮತ್ತೊಂದು ಕಡೆ: ಇನ್ನೂರ ಹದಿನಾರು. ಆಮೇಲೆ ಪಟ್ಟಿಯ ಮೇಲೆ. ಮೇಷ್ಟ್ರು ಅಂಕಿ ನೋಡಿದರು, ಸಾಹೇಬರ ಮುಖ ನೋಡಿದರು.

ಅಕ್ಕ ಸಾಹೇಬರು ಬರೆದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಕೆಳಗೆ ಬರೆದಳು: 'ಚೌಕಟ್ಟು ಸರಿ ಇದೆ. ಹೆಸರಿನ ಪಟ್ಟಿ ಮತ್ತು ಅದರ ಸ್ಕ್ರೂಗಳಿಂದ ಅಳತೆ ಮೀರಿದೆ.' ಸಹಿ ಹಾಕಿ ಹಾಳೆಯನ್ನು ಅವರ ಮುಂದಿಟ್ಟಳು.

"ಇದರ ಪರಿಣಾಮ ಏನಾಗುತ್ತೆ ಗೊತ್ತಾ?" ಎಂದರು ಅವರು, ಮೆಲ್ಲಗೆ.

"ಗೊತ್ತು ಸಾರ್. ಅದನ್ನ ನಾಳೆ ನೋಡೋಣ. ಈಗ ಈ ಮಕ್ಕಳಿಗೆ ಇರೋದು ನಾಲ್ಕು ನಿಮಿಷ. ನೀವು ಸಹಿ ಹಾಕ್ದೇ ಇದ್ರೆ ಯಾಕೆ ಹಾಕಿಲ್ಲ ಅಂತ ಇಲ್ಲಿರೋ ಎಲ್ರಿಗೂ ನಾನೇ ಹೇಳ್ತೀನಿ, ಜೋರಾಗಿ."

ನಾಲ್ಕು ಹುಡುಗಿಯರೂ ಸಾಹೇಬರನ್ನೇ ನೋಡುತ್ತ ನಿಂತಿದ್ದರು. ಪಕ್ಕದ ಕಾಲೇಜಿನವರೂ ತಿರುಗಿ ನೋಡಿದರು. ಸಾಹೇಬರು ಸಹಿ ಹಾಕಿದರು. ಅಕ್ಷರ ಓದಲು ಬರುವ ಹಾಗಿರಲಿಲ್ಲ, ಆದರೂ ಸಹಿ ಸಹಿಯೇ.

ಕನ್ನಡಕದ ಹುಡುಗಿ ಸ್ಕ್ರೂ ಬಿಚ್ಚಿದಳು. ರೋಬೋಟ್ ಕೊಳವೆಯೊಳಗೆ ಎಲ್ಲೂ ತಾಗದೆ ಇಳಿಯಿತು. ಮೇಷ್ಟ್ರು ಹಸಿರು ಚೀಟಿ ಅಂಟಿಸಿದರು, ಹುಡುಗಿಯರು ರೋಬೋಟನ್ನೆತ್ತಿಕೊಂಡು ಅಂಕಣದ ಕಡೆ ಓಡಿದರು.

ಅಕ್ಕ ಹಿತ್ತಾಳೆ ಪಟ್ಟಿಯನ್ನೂ ಎರಡು ಸ್ಕ್ರೂಗಳನ್ನೂ ಸಾಹೇಬರ ಅಂಗೈಯಲ್ಲಿಟ್ಟಳು.

"ಇದನ್ನ ನಿಮ್ಮ ಮೇಜಿನ ಮೇಲೆ ಇಟ್ಕೊಳ್ಳಿ ಸಾರ್," ಎಂದಳು. "ಅಲ್ಲಿ ಅಳತೆ ಕೇಳೋರು ಯಾರೂ ಇಲ್ಲ."